ವರ್ಡ್‌ಪ್ರೆಸ್: ಒಂದು ಮುಕ್ತಕೃತಿಯ ಗುಣದೋಷವಿಚಾರ

ಯಾವ ಕೃತಿಯೇ ಆಗಲಿ, ತನ್ನನ್ನು ತಾನೇ ಕಾವ್ಯವೆಂದು ಕರೆದುಕೊಂಡ ಮೇಲೆ ವಿಮರ್ಶೆಯ ಒರೆಗಲ್ಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಜಾಲತಾಣಗಳನ್ನು ಕಟ್ಟುವುದಕ್ಕೂ ನಡೆಯಿಸುವುದಕ್ಕೂ ಲೋಕದಲ್ಲಿ ಅತ್ಯಧಿಕವಾಗಿ ಬಳಕೆಯಲ್ಲಿರುವ 'ವರ್ಡ್‌ಪ್ರೆಸ್' ಎಂಬ ತಂತ್ರಾಂಶದ ಕರ್ತೃಗಳು, ಗಣಕಯಂತ್ರಕ್ಕಾಗಿ ಬರೆಯುವ ಸಂಕೇತವೂ ಕಾವ್ಯವೇ ಎಂಬರ್ಥದ ಮಾತನ್ನು ತಮ್ಮ ಧ್ಯೇಯವಾಕ್ಯವನ್ನಾಗಿ ಮಾಡಿಕೊಂಡಿರುವರು. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ೪೦ಕ್ಕೂ ಮಿಕ್ಕವು ಈ ಒಂದು ಕೃತಿಯ ಆಧಾರದ ಮೇಲೆ ನಿಂತಿರುವುವೆಂದು ಇಂತಹ ಲೆಕ್ಕವನ್ನಿಡುವವರು ಹೇಳುವರು. ಆದರೆ ಪ್ರಸಾರವು ಬೇರೆ, ಗುಣವು ಬೇರೆ. ಬಹುಜನರು ಕೊಂಡಾಡಿದ ಗ್ರಂಥಗಳೆಲ್ಲವೂ ಉತ್ತಮಗ್ರಂಥಗಳಲ್ಲವೆಂಬುದು ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಹೊಸ ಮಾತಲ್ಲ. ಆದಕಾರಣ ಈ ಕೃತಿಯಲ್ಲಿ ಬಾಳತಕ್ಕ ಅಂಶವಾವುದು, ನಂಬಬಾರದ ಅಂಶವಾವುದು ಎಂಬುದನ್ನು ಬೇರ್ಪಡಿಸಿ ನೋಡುವುದು ಆವಶ್ಯಕವು.

ಇದು ಯಂತ್ರಜ್ಞರ ಚರ್ಚೆಯೆಂದು ಸಾಹಿತ್ಯಾಭಿಮಾನಿಗಳು ಕೈಬಿಡತಕ್ಕುದಲ್ಲ. ಸಂಘಗಳು ತಮ್ಮ ಹಳೆಯ ಸಂಚಿಕೆಗಳನ್ನೂ, ಪಾಠಶಾಲೆಗಳು ತಮ್ಮ ಚರಿತ್ರೆಯನ್ನೂ, ಮನೆತನದವರು ತಮ್ಮ ಹಿರಿಯರ ಬರಹಗಳನ್ನೂ ಜಾಲತಾಣಕ್ಕೆ ಒಪ್ಪಿಸುತ್ತಿರುವ ಕಾಲವಿದು. ತಾಳೆಗರಿಗೆ ಗೆದ್ದಲು ಹಿಡಿದರೆ ತುಂಡುಗರಿಯಾದರೂ ಉಳಿದೀತು. ಜಾಲತಾಣವು ನಿಂತುಹೋದರೆ, ಬೇರೆ ಪ್ರತಿಯಿಲ್ಲದ ಪಕ್ಷದಲ್ಲಿ, ಒಂದಕ್ಷರವೂ ಉಳಿಯದು. ಒಂದು ತಲೆಮಾರಿನವರು ದುಡಿದು ಸಂಗ್ರಹಿಸಿದುದನ್ನು ಇಡುವ ಪೆಟ್ಟಿಗೆಯು ಎಂತಹುದೆಂದು ಮುಂಚಿತವಾಗಿಯೇ ವಿಚಾರಿಸುವುದು ವಿವೇಕಿಗಳ ಲಕ್ಷಣವು.

ಮೊದಲು 'ಮುಕ್ತ' ಎಂಬ ಶಬ್ದದ ಅರ್ಥವನ್ನು ನಿಷ್ಕರ್ಷಿಸಬೇಕು. 'ಓಪನ್ ಸೋರ್ಸ್' ಎಂದೊಡನೆ ಹಣ ಕೊಡದೆ ದೊರೆಯುವ ವಸ್ತುವೆಂದು ತಿಳಿಯುವವರು ಬಹುಮಂದಿ. ಇಲ್ಲಿ ಹಣದ ಮಾತು ಗೌಣವು. ಅಧಿಕಾರದ ಮಾತೇ ಮುಖ್ಯವು. ತಂತ್ರಾಂಶವೆಂಬುದು ಮನುಷ್ಯರು ಓದಬಲ್ಲ ಸಂಕೇತಗಳಲ್ಲಿ ಬರೆಯಲ್ಪಟ್ಟು ಯಂತ್ರದಿಂದ ನಡೆಯಿಸಲ್ಪಡುವ ಒಂದು ಗ್ರಂಥವು. ಸಾಮಾನ್ಯ ವ್ಯಾಪಾರದಲ್ಲಿ ಈ ಮೂಲವನ್ನು ಮುಚ್ಚಿಟ್ಟು ಅದರ ಫಲವನ್ನು ಮಾತ್ರ ಮಾರುವರು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ೧೯೮೩ರಲ್ಲಿ ಈ ಪದ್ಧತಿಗೆ ಎದುರಾಗಿ 'ಗ್ನೂ' ಎಂಬ ಕಾರ್ಯವನ್ನು ಸಾರಿ, ೧೯೮೯ರಲ್ಲಿ 'ಜಿಪಿಎಲ್' ಎಂಬ ಅನುಮತಿಪತ್ರವನ್ನು ಪ್ರಕಟಿಸಿದರು. ಅದರಂತೆ ಯಾರೇ ಆಗಲಿ ಕೃತಿಯನ್ನು ತಮಗೆ ಬೇಕಾದ ಉದ್ದೇಶಕ್ಕೆ ಬಳಸಬಹುದು, ಮೂಲವನ್ನು ಓದಿ ತಿದ್ದಬಹುದು, ಪ್ರತಿಮಾಡಿ ಹಂಚಬಹುದು, ತಿದ್ದಿದ ಪ್ರತಿಯನ್ನೂ ಹಂಚಬಹುದು. ಮುಖ್ಯವಾದ ನಿಬಂಧನೆಯು ಒಂದೇ: ಹಂಚುವವನು ತಾನು ಪಡೆದ ಅಧಿಕಾರವನ್ನು ತನ್ನಿಂದ ಪಡೆಯುವವನಿಗೂ ಕೊಡಬೇಕು. ತಾನು ಕಲಿತುದನ್ನು ಶಿಷ್ಯನಿಂದ ಬಚ್ಚಿಡಬಾರದೆಂಬ ಗುರುಕುಲಧರ್ಮಕ್ಕೆ ಇದು ದೂರವಾದುದಲ್ಲ. 'ಓಪನ್ ಸೋರ್ಸ್' ಎಂಬ ಹೆಸರು ೧೯೯೮ರಲ್ಲಿ ರೂಢಿಗೆ ಬಂದಿತಾದರೂ ಅದರ ಹಿಂದಣ ಭಾವವು ಹಳೆಯದೇ. ವರ್ಲ್ಡ್ ವೈಡ್ ವೆಬ್ ಎಂಬ ಜಾಲವೂ ಇಂತಹ ಔದಾರ್ಯದ ಫಲವೆಂಬುದನ್ನು ಮರೆಯಬಾರದು. ೧೯೯೩ನೆಯ ಏಪ್ರಿಲ್ ೩೦ರಂದು ಜಿನೀವಾದ ಬಳಿಯ ಸರ್ನ್ ಸಂಸ್ಥೆಯು, ಟಿಮ್ ಬರ್ನರ್ಸ್-ಲೀ ಅವರು ಅಲ್ಲಿ ರಚಿಸಿದ ವೆಬ್ಬಿನ ತಂತ್ರಾಂಶವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹಾಗೆ ಕೊಡದಿದ್ದ ಪಕ್ಷದಲ್ಲಿ ಇಂದಿನ ಜಾಲಪ್ರಪಂಚದ ರೂಪವೇ ಬೇರೆಯಾಗುತ್ತಿದ್ದಿತು.

ಇನ್ನು ಪ್ರಕೃತ ಕೃತಿಯ ಉತ್ಪತ್ತಿಯನ್ನು ನೋಡುವುದು. ೨೦೦೧ರಲ್ಲಿ ಫ್ರಾನ್ಸಿನ ಮಿಶೆಲ್ ವಾಲ್ಡ್ರಿಗಿ ಎಂಬವರು ದಿನಚರಿಯಂತಹ ಬರಹಗಳನ್ನು ಜಾಲದಲ್ಲಿ ಪ್ರಕಟಿಸುವುದಕ್ಕೆ ಅನುಕೂಲವಾದ 'ಬಿ೨' ಎಂಬ ತಂತ್ರಾಂಶವನ್ನು ಬರೆದು ಜಿಪಿಎಲ್ ಪತ್ರದೊಡನೆ ಬಿಡುಗಡೆ ಮಾಡಿದರು. ಸ್ವಲ್ಪಕಾಲದಲ್ಲಿಯೇ ಆ ಕೃತಿಯ ಪೋಷಣೆಯು ನಿಂತುಹೋಯಿತು. ಕರ್ತೃವಿನಿಂದ ಸುದ್ದಿಯೂ ಬಾರದಾಯಿತು. ಅದನ್ನು ಬಳಸುತ್ತಿದ್ದ ೧೯ ವರ್ಷದ ಅಮೆರಿಕದ ವಿದ್ಯಾರ್ಥಿ ಮ್ಯಾಟ್ ಮಲ್ಲೆನ್‌ವೆಗ್ ಅವರು ೨೦೦೩ರ ಜನವರಿಯಲ್ಲಿ, ಮೂಲವು ಮುಕ್ತವಾಗಿರುವುದರಿಂದ ತಾನೇ ಅದನ್ನು ಮುಂದುವರಿಸಬಹುದಲ್ಲವೇ ಎಂದು ಬಹಿರಂಗವಾಗಿ ಬರೆದರು. ಇಂಗ್ಲೆಂಡಿನ ಮೈಕ್ ಲಿಟಲ್ ಅವರು ಜೊತೆಗೂಡುವುದಾಗಿ ಉತ್ತರವಿತ್ತರು. ಅದೇ ವರ್ಷದ ಮೇ ೨೭ರಂದು ವರ್ಡ್‌ಪ್ರೆಸ್ಸಿನ ಮೊದಲ ಆವೃತ್ತಿಯು ಹೊರಬಿದ್ದಿತು. ಒಬ್ಬ ಗ್ರಂಥಕರ್ತನು ಮೌನವಾದಾಗ, ಅವನನ್ನು ಎಂದೂ ಕಾಣದ ಇಬ್ಬರು ಸಮುದ್ರದ ಈಚೆ ಆಚೆ ಕುಳಿತು ಅವನ ಗ್ರಂಥವನ್ನು ಎತ್ತಿಕೊಂಡರು. ಅದಕ್ಕೆ ಅವರು ಯಾರ ಅಪ್ಪಣೆಯನ್ನೂ ಕಾಯಬೇಕಾಗಲಿಲ್ಲ. ಅಪ್ಪಣೆಯು ಗ್ರಂಥದೊಳಗೇ ಬರೆದಿದ್ದಿತು.

ಇದೇ ಈ ಕೃತಿಯ ಪರಮಗುಣವು. ಸಂಸ್ಕೃತ ವ್ಯಾಕರಣವನ್ನು ಅಭ್ಯಾಸಮಾಡಿದವರಿಗೆ ಈ ಕ್ರಮವು ಸುಪರಿಚಿತವು. ಪಾಣಿನಿಯ ಸೂತ್ರಗಳಲ್ಲಿ ಹೇಳಿದುದನ್ನೂ ಹೇಳದೆ ಬಿಟ್ಟುದನ್ನೂ ಕಾತ್ಯಾಯನನು ವಾರ್ತಿಕಗಳಲ್ಲಿ ಪರೀಕ್ಷಿಸಿದನು. ಅವೆರಡನ್ನೂ ಪತಂಜಲಿಯು ಮಹಾಭಾಷ್ಯದಲ್ಲಿ ಪುನಃ ವಿಚಾರಕ್ಕೆ ತೆಗೆದುಕೊಂಡನು. ಮೂಲವು ಎಲ್ಲರ ಕಣ್ಣಿಗೂ ಬಿದ್ದಿದ್ದುದರಿಂದಲೇ ತಿದ್ದುಪಡಿಯು ಸಾಧ್ಯವಾಯಿತು. ತಿದ್ದುಪಡಿಯು ಸಾಧ್ಯವಾದುದರಿಂದಲೇ ಶಾಸ್ತ್ರವು ಬಾಳಿತು. ಇದಕ್ಕೆ ವಿರುದ್ಧವಾದ ಗತಿಯನ್ನು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಣಬಹುದು. ಶತಮಾನಗಳ ಕಾಲ ಹೆಸರು ಮಾತ್ರ ಕೇಳಿಬರುತ್ತಿದ್ದ ಆ ಗ್ರಂಥದ ಪ್ರತಿಯೊಂದು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದುಸೇರಿ, ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ, ೧೯೦೯ರಲ್ಲಿ ಅಚ್ಚಾಗದೆ ಹೋಗಿದ್ದರೆ ಅದು ಇಂದಿಗೂ ಯಾವುದೋ ಮನೆಯ ಅಟ್ಟದಲ್ಲಿರುತ್ತಿದ್ದಿತು. ಗ್ರಂಥಕ್ಕೆ ಆಯುಸ್ಸನ್ನು ಕೊಡುವುದು ಬಚ್ಚಿಡುವುದಲ್ಲ, ಪ್ರತಿಗಳು ಹೆಚ್ಚುವುದು.

ಈ ತತ್ತ್ವವು ಬಿ೨ ಒಂದರಲ್ಲಿಯೇ ಫಲಿಸಿತೆಂದೂ ತಿಳಿಯಬೇಕಾಗಿಲ್ಲ. ವರ್ಡ್‌ಪ್ರೆಸ್ ತಾಣಗಳ ಬರಹಗಳನ್ನೆಲ್ಲ ಕ್ರಮವಾಗಿ ಇಟ್ಟುಕೊಳ್ಳುವ 'ಮೈಎಸ್‌ಕ್ಯೂಎಲ್' ಎಂಬ ದತ್ತಾಂಶಕೋಶವು ಕೈಯಿಂದ ಕೈಗೆ ಹೋಗಿ ೨೦೧೦ರಲ್ಲಿ ಆರೇಕಲ್ ಎಂಬ ದೊಡ್ಡ ಸಂಸ್ಥೆಯ ವಶವಾಯಿತು. ಮುಂದೇನಾಗುವುದೋ ಎಂದು ಶಂಕಿಸಿ ಅದರ ಮೂಲಕರ್ತೃಗಳಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ ಅವರು ೨೦೦೯ರಲ್ಲಿಯೇ ಅದೇ ಮೂಲದಿಂದ 'ಮಾರಿಯಾಡಿಬಿ' ಎಂಬ ಶಾಖೆಯನ್ನು ಹೊರಡಿಸಿದ್ದರು. ವರ್ಡ್‌ಪ್ರೆಸ್ ಇಂದು ಎರಡರ ಮೇಲೆಯೂ ನಡೆಯಬಲ್ಲುದು. ವ್ಯತಿರೇಕಕ್ಕೆ ನಿದರ್ಶನವು 'ಮೂವಬಲ್ ಟೈಪ್'. ವರ್ಡ್‌ಪ್ರೆಸ್ಸಿನ ಬಾಲ್ಯದಲ್ಲಿ ಅದಕ್ಕಿಂತ ಹೆಚ್ಚಿನ ಕೀರ್ತಿಯನ್ನು ಪಡೆದಿದ್ದ ಆ ತಂತ್ರಾಂಶದ ಒಡೆಯರು ೨೦೦೪ರಲ್ಲಿ ಬಳಕೆಯ ನಿಬಂಧನೆಗಳನ್ನೂ ಬೆಲೆಯನ್ನೂ ಬದಲಾಯಿಸಿದರು. ಬಳಸುತ್ತಿದ್ದವರು ಗುಂಪುಗುಂಪಾಗಿ ವರ್ಡ್‌ಪ್ರೆಸ್ಸಿಗೆ ವಲಸೆ ಬಂದರು. ಒಡೆಯರು ತಮ್ಮ ಹಕ್ಕನ್ನೇ ಚಲಾಯಿಸಿದರು, ಅದರಲ್ಲಿ ಅಧರ್ಮವೇನೂ ಇಲ್ಲ. ಆದರೆ ಪರರ ಮನೆಯಲ್ಲಿರುವವನು ಬಾಡಿಗೆಯ ಮಾತನ್ನು ಒಡೆಯನಿಂದಲೇ ಕೇಳಬೇಕಾಗುವುದು.

ಎರಡನೆಯ ಗುಣವು ರಚನೆಗೆ ಸಂಬಂಧಪಟ್ಟುದು. ಈ ಕೃತಿಯಲ್ಲಿ ಬರಹವು ಒಂದೆಡೆ, ವೇಷವು ಒಂದೆಡೆ, ವಿಶೇಷ ಸೌಕರ್ಯಗಳು ಒಂದೆಡೆ ಇರುವುವು. ಬರಹವು ದತ್ತಾಂಶಕೋಶದಲ್ಲಿ ನಿಲ್ಲುವುದು. ಅದನ್ನು ವಾಚಕರ ಕಣ್ಣಿಗೆ ಹೇಗೆ ಕಾಣಿಸಬೇಕೆಂಬುದನ್ನು 'ಥೀಮ್' ನಿಶ್ಚಯಿಸುವುದು. ಅರ್ಜಿ ನಮೂನೆ, ಚಿತ್ರಶಾಲೆ, ಚಂದಾವಸೂಲು ಮೊದಲಾದ ಹೆಚ್ಚಿನ ಕೆಲಸಗಳನ್ನು 'ಪ್ಲಗಿನ್'ಗಳು ನೆರವೇರಿಸುವುವು. ಪ್ಲಗಿನ್ ವ್ಯವಸ್ಥೆಯು ೨೦೦೪ರಲ್ಲಿಯೂ ಥೀಮಿನ ವ್ಯವಸ್ಥೆಯು ೨೦೦೫ರಲ್ಲಿಯೂ ಸೇರಿದುವು. ಇದರ ಫಲವಾಗಿ ತಾಣದ ಉಡುಪನ್ನು ಬದಲಾಯಿಸಿದರೂ ಹತ್ತು ವರ್ಷದ ಹಿಂದಣ ಲೇಖನದ ಅಕ್ಷರವು ಕದಲುವುದಿಲ್ಲ. ವಸ್ತುವನ್ನೂ ಅಲಂಕಾರವನ್ನೂ ಬೇರ್ಪಡಿಸಿ, ಎರಡಕ್ಕೂ ತಕ್ಕ ಸ್ಥಾನವನ್ನು ಕೊಟ್ಟಿರುವ ಈ ಕ್ರಮದಲ್ಲಿ ಆಲಂಕಾರಿಕರು ಔಚಿತ್ಯವೆಂದು ಕರೆಯುವ ಗುಣವು ನಿಜವಾಗಿಯೂ ಇರುವುದು. ಯಂತ್ರಶಾಸ್ತ್ರವನ್ನರಿಯದ ಗೃಹಸ್ಥನೂ ಪತ್ರ ಬರೆಯುವಷ್ಟೇ ಸುಲಭವಾಗಿ ಇದರಲ್ಲಿ ಲೇಖನವನ್ನು ಬರೆದು ಪ್ರಕಟಿಸಬಹುದು. ಹಿಂದಣ ಕರಡುಗಳೂ ಉಳಿದಿರುವುದರಿಂದ ತಪ್ಪು ತಿದ್ದುಪಡಿಯನ್ನು ರದ್ದುಮಾಡಲೂ ಬಹುದು. ಬರಹಗಳನ್ನೆಲ್ಲ ಒಂದೇ ಕಡತವಾಗಿ ಹೊರತೆಗೆದು ಬೇರೆಡೆಗೆ ಒಯ್ಯುವ ಮಾರ್ಗವನ್ನೂ ಕರ್ತೃಗಳು ಒದಗಿಸಿರುವರು.

ಆದರೆ ಅಲಂಕಾರಕ್ಕೆ ಸ್ಥಾನವನ್ನು ಕೊಟ್ಟಲ್ಲಿ ಅಲಂಕಾರದ ಅತಿಯೂ ಬಂದೇಬರುವುದು. ಇದೇ ಮೊದಲನೆಯ ದೋಷವು. ವರ್ಡ್‌ಪ್ರೆಸ್ಸಿನ ಅಧಿಕೃತ ಭಂಡಾರದಲ್ಲಿ ದೊರೆಯುವ ಪ್ಲಗಿನ್‌ಗಳು ಸುಮಾರು ೬೦ ಸಾವಿರ. ಅವುಗಳ ಕರ್ತೃಗಳು ಸಾವಿರಾರು ಮಂದಿ; ಅವರ ಶಕ್ತಿಯೂ ಶ್ರದ್ಧೆಯೂ ಒಂದೇ ತೂಕದವಲ್ಲ. ಕೆಲವರು ವರ್ಷಗಟ್ಟಲೆ ಪೋಷಿಸುವರು. ಕೆಲವರು ಒಂದು ಬೇಸಗೆಯಲ್ಲಿ ಬರೆದು ಬಿಟ್ಟುಬಿಡುವರು. ಹೀಗಿರಲು ತಾಣವನ್ನು ಕಟ್ಟುವವರು ಕಂಡಕಂಡ ಪ್ಲಗಿನ್‌ಗಳನ್ನು ಹೇರಿಕೊಂಡರೆ, ಪುಟವು ತೆರೆಯುವುದಕ್ಕೆ ಮುಂಚೆ ವಾಚಕನ ತಾಳ್ಮೆಯು ಮುಗಿಯುವುದು. ಹಳ್ಳಿಯಲ್ಲಿ ಮೊಬೈಲಿನ ಮಂದವಾದ ಸಂಪರ್ಕದಿಂದ ಓದುವವನಿಗೆ ಚಲಿಸುವ ಚಿತ್ರಪಟಗಳಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ಲೇಖನವು. ಪರಿಣಾಮಕಾರಿಯಾದ ತಾಣವೆಂದರೆ ಬೇಕಾದುದು ಬೇಗ ಸಿಕ್ಕುವ, ಸಿಕ್ಕಿದುದು ಸುಖವಾಗಿ ಓದಲಾಗುವ, ಇಂದು ಕಂಡ ವಿಳಾಸದಲ್ಲಿಯೇ ನಾಳೆಯೂ ಕಾಣುವ ತಾಣವು. ಈ ಮೂರಕ್ಕೂ ನೆರವಾಗದ ಪ್ಲಗಿನ್ ಕೇವಲ ಭಾರವು.

ಭಾರಕ್ಕಿಂತಲೂ ಕಠಿನವಾದುದು ಅಪಾಯವು. ಮುಕ್ತಕೃತಿಯಲ್ಲಿ ದೋಷವು ಕಂಡೊಡನೆ ತಿದ್ದುಪಡಿಯು ಬಹಿರಂಗವಾಗಿಯೇ ಹೊರಡುವುದು. ಆ ತಿದ್ದುಪಡಿಯನ್ನು ಸಜ್ಜನರು ಓದುವಂತೆ ಕಳ್ಳರೂ ಓದುವರು. ವರ್ಡ್‌ಪ್ರೆಸ್ಸಿಗೆ ಸಮಾನಧರ್ಮದ 'ಡ್ರುಪಾಲ್' ಎಂಬ ತಂತ್ರಾಂಶದಲ್ಲಿ ೨೦೧೪ರ ಅಕ್ಟೋಬರ್ ೧೫ರಂದು ಇಂತಹ ಒಂದು ತಿದ್ದುಪಡಿಯು ಪ್ರಕಟವಾಯಿತು. ಪ್ರಕಟವಾದ ೭ ಗಂಟೆಗಳೊಳಗೆ ಅದನ್ನು ಅಳವಡಿಸದ ತಾಣಗಳೆಲ್ಲವೂ ಕಳ್ಳರ ಕೈಸೇರಿರುವುವೆಂದೇ ಭಾವಿಸಬೇಕೆಂದು ಅದರ ರಕ್ಷಣಾಮಂಡಲಿಯು ಎರಡು ವಾರಗಳ ಬಳಿಕ ಎಚ್ಚರಿಕೆ ಕೊಡಬೇಕಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ, ಜಾಲದ ಗೋಪ್ಯ ವ್ಯವಹಾರಗಳಿಗೆ ಬೀಗದಂತಿರುವ 'ಓಪನ್ ಎಸ್‌ಎಸ್‌ಎಲ್' ಎಂಬ ಮುಕ್ತಕೃತಿಯಲ್ಲಿ ೨೦೧೨ರಿಂದಲೂ ಅಡಗಿದ್ದ 'ಹಾರ್ಟ್‌ಬ್ಲೀಡ್' ಎಂಬ ದೋಷವು ಬಯಲಾಯಿತು. ಲೋಕವೆಲ್ಲವೂ ನೆಚ್ಚಿದ್ದ ಆ ಬೀಗವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿಯೆಂಬುದು ಆಗಲೇ ಬಹುಜನರಿಗೆ ತಿಳಿದುದು. ಮೂಲವನ್ನು ಯಾರು ಬೇಕಾದರೂ ಓದಬಹುದೆಂಬುದಕ್ಕೂ ಯಾರಾದರೂ ಓದುತ್ತಿರುವರೆಂಬುದಕ್ಕೂ ಬಹಳ ಅಂತರವಿರುವುದು.

ಎರಡನೆಯ ದೋಷವು ಇದಕ್ಕಿಂತ ಸೂಕ್ಷ್ಮವು, ಇದುವರೆಗೆ ಕಡಿಮೆ ಚರ್ಚಿತವಾದುದು. ಮೂಲಪಾಠವು ಮುಕ್ತವಾಗಿರಬಹುದು; ಆದರೆ ಆ ಪಾಠವನ್ನೂ ಪ್ಲಗಿನ್‌ಗಳನ್ನೂ ತಿದ್ದುಪಡಿಗಳನ್ನೂ ಎಲ್ಲರಿಗೂ ಹಂಚುವ ಭಂಡಾರವು ಯಾರದು? ವರ್ಡ್‌ಪ್ರೆಸ್ ಎಂಬ ಹೆಸರಿನ ಮುದ್ರಾಧಿಕಾರವನ್ನು ೨೦೧೦ರಲ್ಲಿ ಒಂದು ಧರ್ಮಸಂಸ್ಥೆಗೆ ವಹಿಸಲಾಯಿತು. ಆದುದರಿಂದ ಭಂಡಾರವೂ ಆ ಸಂಸ್ಥೆಯದೇ ಎಂದು ಬಹುಮಂದಿ ತಿಳಿದಿದ್ದರು. ೨೦೨೪ರ ಸೆಪ್ಟೆಂಬರಿನಲ್ಲಿ ಮಲ್ಲೆನ್‌ವೆಗ್ ಅವರಿಗೂ, ವರ್ಡ್‌ಪ್ರೆಸ್ ತಾಣಗಳಿಗೆ ನೆಲೆಯೊದಗಿಸುವ ವ್ಯಾಪಾರದಿಂದ ಬೆಳೆದ 'ಡಬ್ಲ್ಯೂಪಿ ಇಂಜಿನ್' ಎಂಬ ಸಂಸ್ಥೆಗೂ ವಿವಾದವು ಹುಟ್ಟಿತು. ಸಮುದಾಯದ ದುಡಿಮೆಯಿಂದ ಲಾಭಪಡೆದು ಅದಕ್ಕೆ ತಕ್ಕುದನ್ನು ಹಿಂದಕ್ಕೆ ಕೊಡಲಿಲ್ಲವೆಂದೂ, ಹೆಸರಿನ ಮುದ್ರೆಯನ್ನು ಸಲ್ಲದ ರೀತಿಯಲ್ಲಿ ಬಳಸಿತೆಂದೂ ಇವರ ಆಕ್ಷೇಪವು. ತಾನು ಅನುಮತಿಪತ್ರವನ್ನು ಮೀರಿಲ್ಲವೆಂದೂ, ತನ್ನಿಂದ ಹಣವನ್ನು ಕೀಳುವುದಕ್ಕೆ ಮಾಡಿದ ಒತ್ತಾಯವಿದೆಂದೂ ಆ ಸಂಸ್ಥೆಯ ವಾದವು. ಸೆಪ್ಟೆಂಬರ್ ೨೫ರಂದು ಆ ಸಂಸ್ಥೆಗೆ ಭಂಡಾರದ ಬಾಗಿಲನ್ನು ಮುಚ್ಚಲಾಯಿತು. ಅಕ್ಟೋಬರ್ ೨ರಂದು ಮೊಕದ್ದಮೆಯು ಹೂಡಲ್ಪಟ್ಟಿತು. ಅಕ್ಟೋಬರ್ ೧೨ರಂದು ಆ ಸಂಸ್ಥೆಯ ಪ್ರಸಿದ್ಧವಾದ ಒಂದು ಪ್ಲಗಿನ್ನನ್ನು ಭಂಡಾರದಲ್ಲಿ ಬೇರೆ ಹೆಸರಿನಿಂದ ಬೇರೆಯವರು ವಹಿಸಿಕೊಂಡರು. ಕೊನೆಗೆ ಡಿಸೆಂಬರ್ ೧೦ರಂದು ಕ್ಯಾಲಿಫೋರ್ನಿಯದ ನ್ಯಾಯಾಲಯವು ಮಧ್ಯಂತರಾಜ್ಞೆಯಿಂದ ಬಾಗಿಲನ್ನು ತೆರೆಯಿಸಬೇಕಾಯಿತು. ಭಂಡಾರವಾದ ವರ್ಡ್‌ಪ್ರೆಸ್ ಡಾಟ್ ಆರ್ಗ್ ತಾಣವು ಧರ್ಮಸಂಸ್ಥೆಯದಲ್ಲ, ಮಲ್ಲೆನ್‌ವೆಗ್ ಅವರ ಸ್ವಂತದ್ದೆಂಬುದು ಈ ಗದ್ದಲದಲ್ಲಿಯೇ ಎಲ್ಲರಿಗೂ ತಿಳಿದಿತು.

ಯಾವ ಪಕ್ಷವು ನ್ಯಾಯವೆಂಬುದು ನ್ಯಾಯಾಧೀಶರ ವಿಷಯವು. ವಿಮರ್ಶೆಗೆ ಬೇಕಾದ ಅಂಶವು ಬೇರೆ. ಇಬ್ಬರು ದೊಡ್ಡವರ ಜಗಳದಲ್ಲಿ, ಜಗಳವನ್ನೇ ಅರಿಯದ ಅಸಂಖ್ಯಾತ ತಾಣಗಳ ಒಡೆಯರು ಕೆಲವು ದಿನ ತಿದ್ದುಪಡಿಗಳು ದೊರೆಯದೆ ನಿಂತರು. ಅವರ ಕೈಯಲ್ಲಿದ್ದ ಮೂಲಪಾಠವು ಪೂರ್ಣವಾಗಿ ಮುಕ್ತವೇ ಆಗಿದ್ದಿತು. ಜಿಪಿಎಲ್ ಪತ್ರದ ಒಂದಕ್ಷರವೂ ಅಳಿಸಿರಲಿಲ್ಲ. ಆದರೂ ಅವರು ಕಷ್ಟಕ್ಕೆ ಸಿಕ್ಕಿದರು. ಗ್ರಂಥವು ಸರ್ವರದು, ಗ್ರಂಥಾಲಯದ ಬೀಗದಕೈ ಒಬ್ಬನದು ಎಂಬಂತಾಯಿತು. ೨೦೨೫ರ ಜೂನಿನಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ, ಭಂಡಾರವನ್ನು ಒಂದೆಡೆಯಿಡದೆ ಹಲವೆಡೆ ಹಂಚಿಡುವ 'ಫೇರ್' ಎಂಬ ಯೋಜನೆಯು ಪ್ರಕಟವಾಯಿತು. ದೋಷವನ್ನು ಕಂಡವರು ಮೂಲವನ್ನೇ ಹಿಡಿದು ಪರಿಹಾರಕ್ಕೆ ತೊಡಗಬಲ್ಲರೆಂಬುದಕ್ಕೆ ಇದೂ ಒಂದು ಸಾಕ್ಷಿಯು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ಮುಕ್ತಕೃತಿಯಲ್ಲಿಯೂ ಇಷ್ಟು ತೊಡಕಿದ್ದ ಮೇಲೆ, ಯಾವುದಾದರೂ ದೊಡ್ಡ ಸಂಸ್ಥೆಯು ಉಚಿತವಾಗಿ ಕೊಡುವ ಸಿದ್ಧಗೃಹದಲ್ಲಿ ನೆಲಸುವುದೇ ಕ್ಷೇಮವಲ್ಲವೇ? ಇದಕ್ಕೆ 'ಜಿಯೋಸಿಟೀಸ್' ಎಂಬ ತಾಣದ ಕಥೆಯೇ ಉತ್ತರವು. ೧೯೯೪ರಲ್ಲಿ ಆರಂಭವಾಗಿ ೧೯೯೯ರಲ್ಲಿ ಯಾಹೂ ಸಂಸ್ಥೆಯ ಕೈಸೇರಿದ ಅಲ್ಲಿ ಲಕ್ಷಾಂತರ ಗೃಹಸ್ಥರು ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದರು. ೨೦೦೯ರ ಅಕ್ಟೋಬರಿನಲ್ಲಿ ಒಡೆಯರು ಅದನ್ನು ಮುಚ್ಚಿದರು. ಸ್ವಯಂಸೇವಕರು ಓಡಾಡಿ ಪ್ರತಿಮಾಡಿಕೊಂಡಷ್ಟು ಉಳಿಯಿತು; ಮಿಕ್ಕುದು ಹೋಯಿತು. ವರ್ಡ್‌ಪ್ರೆಸ್ಸಿನ ಜಗಳದಲ್ಲಿ ತಿದ್ದುಪಡಿಗಳು ತಡವಾದುವು; ಜಿಯೋಸಿಟೀಸಿನಲ್ಲಿ ಬರಹವೇ ನಾಶವಾಯಿತು. ಈ ಎರಡು ಹಾನಿಗಳ ನಡುವಣ ಅಂತರವೇ ಮುಕ್ತತೆಯ ಬೆಲೆಯು. ಇನ್ನೊಂದು ಪಕ್ಷವು ಹೆಚ್ಚು ಯೋಗ್ಯವಾದುದು: ವರ್ಷಕ್ಕೆ ಹತ್ತು ಲೇಖನಗಳನ್ನು ಪ್ರಕಟಿಸುವ ಸಣ್ಣ ಸಂಘಕ್ಕೆ ಇಷ್ಟು ದೊಡ್ಡ ಕೃತಿಯೇ ಬೇಕೇ? ಬೇಡವೆಂಬುದೇ ಉತ್ತರವು. 'ಜೆಕಿಲ್', 'ಹ್ಯೂಗೋ' ಮೊದಲಾದ ಮುಕ್ತಕೃತಿಗಳು ದತ್ತಾಂಶಕೋಶದ ಹಂಗಿಲ್ಲದೆ ಸರಳವಾದ ಪುಟಗಳನ್ನು ರಚಿಸಿಕೊಡುವುವು. ಅಂತಹ ಪುಟಗಳಲ್ಲಿ ಕಳ್ಳನಿಗೆ ಸಂದಿಗಳೂ ಕಡಿಮೆ, ಅವು ತೆರೆಯುವುದೂ ಬೇಗ. ಆದರೆ ಅವುಗಳನ್ನು ನಡೆಯಿಸುವುದಕ್ಕೆ ಯಂತ್ರಭಾಷೆಯ ಸ್ವಲ್ಪ ಪರಿಚಯವುಳ್ಳ ಒಬ್ಬರು ಬೇಕು. ಸೌಲಭ್ಯವೋ ಸರಳತೆಯೋ ಎಂಬುದನ್ನು ಅವರವರ ಶಕ್ತಿಯೇ ನಿಶ್ಚಯಿಸಬೇಕು.

ಕನ್ನಡದ ದೃಷ್ಟಿಯಿಂದಲೂ ಇದೇ ನ್ಯಾಯವು ಅನ್ವಯಿಸುವುದು. ೧೯೯೧ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಲಿಪಿಗೆ ಸ್ಥಾನವಿದ್ದಿತು. ಆದರೂ ಬಹುಕಾಲ ಕನ್ನಡದ ಗ್ರಂಥಗಳು ಆಯಾ ತಂತ್ರಾಂಶದ ವಿಶಿಷ್ಟ ಅಕ್ಷರವಿನ್ಯಾಸದಲ್ಲಿಯೇ ಸಿದ್ಧವಾಗುತ್ತಿದ್ದುವು. ಆ ಅಕ್ಷರಮಾಲೆಯಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುವು; ಹುಡುಕಿದರೆ ಸಿಕ್ಕವು. ಪುಟದ ಭಾವಚಿತ್ರವನ್ನು ಮಾತ್ರ ಏರಿಸಿದರೂ ಇದೇ ಗತಿಯು. ಮುಕ್ತ ತಂತ್ರಾಂಶದ ಜೊತೆಗೆ ಮುಕ್ತಲಿಪಿಯೂ ಸೇರಿದಾಗ ಏನಾಗಬಲ್ಲುದೆಂಬುದನ್ನು, ೨೦೦೫ರಲ್ಲಿ ಡ್ರುಪಾಲಿನ ಆಧಾರದಿಂದ ಆರಂಭವಾಗಿ ಅನೇಕ ಹೊಸ ಲೇಖಕರಿಗೆ ವೇದಿಕೆಯಾದ 'ಸಂಪದ'ವು ತೋರಿಸಿತು. ೨೦೧೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಅನುಮತಿಯೊಡನೆ ಬಿಟ್ಟುಕೊಟ್ಟಾಗ, ಅದರ ಲೇಖನಗಳು ಕನ್ನಡ ವಿಕಿಸೋರ್ಸ್ ತಾಣಕ್ಕೆ ಏರಿದುವು. ಆ ತಾಣವನ್ನು ನಡೆಯಿಸುವ 'ಮೀಡಿಯಾವಿಕಿ'ಯೂ ಜಿಪಿಎಲ್ ಪತ್ರಕ್ಕೊಳಪಟ್ಟ ಕೃತಿಯೇ. ಅದರಲ್ಲಿ ಗ್ರಂಥದ ಪುಟದ ಚಿತ್ರವನ್ನೂ ಅಚ್ಚುಮಾಡಿದ ಪಾಠವನ್ನೂ ಅಕ್ಕಪಕ್ಕದಲ್ಲಿಟ್ಟು, ಒಬ್ಬರು ತಿದ್ದಿದುದನ್ನು ಮತ್ತೊಬ್ಬರು ಪರೀಕ್ಷಿಸುವ ಏರ್ಪಾಡಿರುವುದು. ಗ್ರಂಥಸಂಪಾದನೆಯ ಶಿಸ್ತು ಇಲ್ಲಿ ಯಂತ್ರದ ರಚನೆಯಲ್ಲಿಯೇ ಸೇರಿಕೊಂಡಿರುವುದು. ಈ ಒಂದು ವಿಷಯದಲ್ಲಿ ವರ್ಡ್‌ಪ್ರೆಸ್ ಅದಕ್ಕೆ ಸಾಟಿಯಲ್ಲ. ಹಳೆಯ ಗ್ರಂಥಗಳನ್ನು ಪುನಃ ಪ್ರಕಟಿಸುವವರು ಈ ಭೇದವನ್ನು ಗಮನಿಸತಕ್ಕುದು.

ಒಟ್ಟಿನಲ್ಲಿ ಈ ಕೃತಿಯ ವಿಷಯದಲ್ಲಿ ನಿರ್ಣಯವನ್ನು ಹೇಳುವುದಾದರೆ: ಇದರ ಮೂಲವು ಉತ್ತಮವು, ಅಲಂಕಾರವು ಮಿತಿಮೀರಿದುದು, ಭಂಡಾರವು ಅರಕ್ಷಿತವು. ಮೊದಲನೆಯದನ್ನು ಅನುಮತಿಪತ್ರವು ಕಾಪಾಡಿರುವುದು. ಮಿಕ್ಕ ಎರಡನ್ನು ಬಳಸುವವರೇ ಕಾಪಾಡಿಕೊಳ್ಳಬೇಕು. ತಾಣದ ಡೊಮೈನ್ ಹೆಸರು ಕಟ್ಟಿಕೊಟ್ಟವನ ಹೆಸರಿನಲ್ಲಲ್ಲ, ಸಂಘದ ಹೆಸರಿನಲ್ಲಿಯೇ ದಾಖಲಾಗಿರಬೇಕು. ಪ್ಲಗಿನ್‌ಗಳು ಅತ್ಯಾವಶ್ಯಕವಾದುವು ಮಾತ್ರ ಇರಬೇಕು. ಬರಹಗಳೆಲ್ಲವೂ ಯೂನಿಕೋಡಿನಲ್ಲಿರಬೇಕು. ದತ್ತಾಂಶಕೋಶದ ಮತ್ತು ಚಿತ್ರಗಳ ಪ್ರತಿಯನ್ನು ತಿಂಗಳಿಗೊಮ್ಮೆ ತೆಗೆದು ಸಂಘದ ಕಪಾಟಿನಲ್ಲಿಯೂ ಬೇರೊಂದೆಡೆಯಲ್ಲಿಯೂ ಇಡಬೇಕು. ಇಟ್ಟ ಪ್ರತಿಯಿಂದ ತಾಣವನ್ನು ಮತ್ತೆ ಎಬ್ಬಿಸಲಾಗುವುದೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಪರೀಕ್ಷಿಸದ ಪ್ರತಿಯು ಇಲ್ಲದುದಕ್ಕೆ ಸಮಾನವು.

ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸಕ್ಕೆ ಒಬ್ಬರನ್ನು ನೇಮಿಸಬೇಕು. ತಂತ್ರಾಂಶವು ಬೆಲೆಯಿಲ್ಲದೆ ಬಂದಿತೆಂದು ಅದರ ಪಾಲನೆಯೂ ಬೆಲೆಯಿಲ್ಲದೆ ನಡೆಯುವುದೆಂದು ತಿಳಿಯುವುದೇ ಅನೇಕ ತಾಣಗಳ ಅಕಾಲಮರಣಕ್ಕೆ ಕಾರಣವು. ಪುಸ್ತಕಭಂಡಾರಕ್ಕೆ ಭಂಡಾರಿಯನ್ನು ನೇಮಿಸಿ ಗೌರವಧನವನ್ನು ಕೊಡುವ ಸಂಘವು ಜಾಲತಾಣಕ್ಕೂ ಅಂತೆಯೇ ಮಾಡತಕ್ಕುದು. ಬಿ೨ ಎಂಬ ಅನಾಥಗ್ರಂಥವು ಉಳಿದುದು ಅನುಮತಿಪತ್ರವೊಂದರಿಂದಲೇ ಅಲ್ಲ. ಅನುಮತಿಯಿರುವುದನ್ನು ಕಂಡು ಕೆಲಸಕ್ಕೆ ಕೈಯಿಕ್ಕಿದ ಇಬ್ಬರಿದ್ದರು. ಅಂತಹ ಇಬ್ಬರು ತಮ್ಮಲ್ಲಿರುವರೇ ಎಂಬುದನ್ನು, ತಾಣವನ್ನು ಕಟ್ಟುವ ಮೊದಲೇ,‌ ಪ್ರತಿಯೊಂದು ಸಂಘವೂ ನೋಡಿಕೊಳ್ಳುವುದು ಒಳ್ಳಿತು.